ದೊರೆ ಕೊಡುವ ಎಡೆ

"ಇದನ್ನೆಲ್ಲ ಮಾಡು ಅಂತ ನಿನಗೆ ಯಾರು ಹೇಳಿದ್ದೇ?"

ಅಮ್ಮ ವಿಡಿಯೋ ಕಾಲಿನಲ್ಲಿ ಕೇಳಿದ ಪ್ರಶ್ನೆ ಇದು. ನಾನು ಫೋನ್ ಹಿಡಿದು ಮನೆಯಲ್ಲಿ ಓಡಾಡುತ್ತಿದ್ದಾಗ ಪುಸ್ತಕದ ಕಪಾಟು ಅವಳ ಕಣ್ಣಿಗೆ ಬಿದ್ದಿತ್ತು. ನಡುವಿನ ಹಲಗೆಯಲ್ಲಿ ಪುಸ್ತಕ ತೆಗೆದು ಬಿಳಿ ಬಟ್ಟೆ ಹಾಸಿದ್ದೆ. ಅದರ ಮೇಲೆ ಗೇಣುದ್ದದ ಒಂದು ಮೂರ್ತಿ, ಒಂದು ಲೋಟ ತಣ್ಣೀರು, ಒಂದು ತುಂಡು ಬ್ರೆಡ್. ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ತಲೆ, ಕುಡುಗೋಲಿನ ಹಾಗೆ ಬಾಗಿದ ಕೊಕ್ಕು. "ಇದು ಥೋತ್ ಅಂತ ದೇವರು ಕಣಮ್ಮ. ರಂಗನತಿಟ್ಟಿನಲ್ಲಿ ಬಿಳಿ ಕೆಂಬರಲು ನೋಡಿದ್ದೆವಲ್ಲ, ಅದರ ನೆಂಟ ಈ ಹಕ್ಕಿ. ಬರವಣಿಗೆಗೆ, ಲೆಕ್ಕಕ್ಕೆ, ಚಂದ್ರನಿಗೆ ಹಳೇ ಈಜಿಪ್ಟಿನವರ ದೇವರು ಇವನೇ" ಅಂದೆ.

ಅಮ್ಮ ಬೈಯಲಿಲ್ಲ. ಎಡೆ ಇಟ್ಟಿದ್ದನ್ನು ಆಮೇಲೆ ಏನು ಮಾಡುತ್ತೀಯ ಅಂತ ಮೊದಲು ಕೇಳಿದಳು. ನಾನೇ ತಿನ್ನುತ್ತೇನೆ ಅಂದೆ. "ಹಂಗಾದ್ರೆ ಸರಿ" ಅಂದಳು. ಆಮೇಲೆ ಬಂದದ್ದು ಆ ಪ್ರಶ್ನೆ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ, ಮಾತು ಬದಲಿಸಿದೆ. ಆದರೆ ಈ ಧರ್ಮವನ್ನು ಇವತ್ತು ಮನೆಯಲ್ಲಿ ನಡೆಸುವವರಿಗೆಲ್ಲ ಅತಿ ಕಷ್ಟದ ಪ್ರಶ್ನೆ ಅದೇ. ಅಮ್ಮ ಗೊತ್ತಿಲ್ಲದೇ ನೇರ ಅದರ ಮೇಲೇ ಬೆರಳಿಟ್ಟಿದ್ದಳು.

ನನಗೆ ಇದೆಲ್ಲ ಶುರುವಾದದ್ದು ಅಕ್ಷರದಿಂದ. ಚಿಕಾಗೋಗೆ ಬಂದ ಮೊದಲ ಚಳಿಗಾಲದಲ್ಲಿ, ಸಂಜೆ ಮನೆಯೊಳಗೆ ಸುಮ್ನೆ ಕೂರಲಾಗದೆ, ಈಜಿಪ್ಟಿನ ಚಿತ್ರಲಿಪಿ ಹೇಳಿಕೊಡುವ ತರಗತಿಗೆ ಸೇರಿದೆ. ಆ ಲಿಪಿ ಕಲಿಯುವವರಿಗೆ ಬಹಳ ಬೇಗ ಓದಲು ಬರುವ ಒಂದು ಸಾಲಿದೆ. ಹೋತೆಪ್ ದಿ ನೆಸು. ಯಾಕೆ ಬೇಗ ಬರುತ್ತದೆ ಅಂದರೆ ಅದು ಎಲ್ಲ ಕಡೆ ಇದೆ. ಸಮಾಧಿಯ ಕಲ್ಲು, ಶವಪೆಟ್ಟಿಗೆ, ಎಡೆ ಇಡುವ ಹಾಸುಗಲ್ಲು, ಎಲ್ಲದರ ಮೇಲೂ. ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲ ಅದೇ ಸಾಲನ್ನು ಕೆತ್ತುತ್ತಲೇ ಹೋದರು. ಅರ್ಥ ಇಷ್ಟೇ: ದೊರೆ ಕೊಡುವ ಎಡೆ.

ಆ ಸಾಲಿನ ಗುರುತುಗಳು ನನಗೆ ಈಗಲೂ ಇಷ್ಟ. ಚಾಪೆಯ ಮೇಲೆ ಇಟ್ಟ ರೊಟ್ಟಿ, ಅದು ಎಡೆ. ಚೂಪಾದ ಒಂದು ಮುಕ್ಕೋನ, ಅದು ಕೊಡುವುದು. ಒಂದು ಜೊಂಡಿನ ಗಿಡ, ಅದು ದೊರೆ. ಬರೆಯುವಾಗ ಜೊಂಡು ಮೊದಲು ಬರುತ್ತದೆ, ದೊರೆಗೆ ಮರ್ಯಾದೆ ಅಂತ. ಬಾಯಲ್ಲಿ ಹೇಳುವಾಗ ಅದೇ ಗುರುತು ಕೊನೆಗೆ ಹೋಗುತ್ತದೆ. ದೊರೆ ದೇವರಿಗೆ ಕೊಡುತ್ತಾನೆ, ದೇವರು ಸತ್ತವರಿಗೆ ದಾಟಿಸುತ್ತಾನೆ. ಸಾವಿರ ರೊಟ್ಟಿ, ಸಾವಿರ ಮಡಕೆ ಬಿಯರ್, ಎತ್ತು, ಹಕ್ಕಿ, ನಾರುಬಟ್ಟೆ.

ಕೆಲವು ಸಮಾಧಿಗಳಲ್ಲಿ ಇನ್ನೊಂದು ಮಾತೂ ಇದೆ. ದಾರಿಯಲ್ಲಿ ಹೋಗುವವರನ್ನು ಸತ್ತವನು ಕರೆದು ಕೇಳಿಕೊಳ್ಳುತ್ತಾನೆ. ಬದುಕಿರುವವರೇ, ಇಲ್ಲಿ ನಿಂತು ಈ ಸಾಲು ಓದಿ. ನಿಮಗೇನೂ ಖರ್ಚಿಲ್ಲ, ಬಾಯಿಯ ಉಸಿರು ಅಷ್ಟೇ. ಚಿಕಾಗೋ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಒಂದು ಶನಿವಾರ ಸಮಾಧಿ ಕಲ್ಲೊಂದರ ಮುಂದೆ ನಿಂತಿದ್ದೆ. ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ ಓದಿದೆ. ಹೋತೆಪ್ ದಿ ನೆಸು. ನಾಲ್ಕು ಸಾವಿರ ವರ್ಷದ ಹಿಂದೆ ಒಬ್ಬ ಮನುಷ್ಯ ಕೇಳಿದ್ದನ್ನು ಕೊಟ್ಟ ಹಾಗಾಯಿತು. ಗಂಟಲು ಕಟ್ಟಿತು. ಅವತ್ತಿನಿಂದ ಇದು ನನಗೆ ಬರೀ ಪಾಠವಾಗಿ ಉಳಿಯಲಿಲ್ಲ.

ಹೀಗೆ ಮಾಡುವವಳು ನಾನೊಬ್ಬಳೇ ಅಲ್ಲ ಅಂತ ಆಮೇಲೆ ತಿಳಿಯಿತು. ಇಂಥವರು ತಮ್ಮನ್ನು ಕೆಮೆಟಿಕ್ ಅಂತ ಕರೆದುಕೊಳ್ಳುತ್ತಾರೆ. ಕೆಮೆಟ್ ಅಂದರೆ ಕಪ್ಪು ನೆಲ. ನೈಲ್ ನದಿಯ ನೆರೆ ಹೊತ್ತು ತಂದು ಹರಡುವ ಮಣ್ಣಿನಿಂದ ಬಂದ ಹೆಸರು. ಎರೆಹೊಲ ನೋಡಿ ಬೆಳೆದವರಿಗೆ ಬೇಗ ಅರ್ಥವಾಗುವ ಹೆಸರು. ಅಮೆರಿಕದಲ್ಲಿ ಇಂಥ ಗುಂಪುಗಳು ಸುಮಾರು ಅರ್ಧ ಶತಮಾನದಿಂದ ಇವೆ. ಚರ್ಚ್ ಆಫ್ ದಿ ಎಟರ್ನಲ್ ಸೋರ್ಸ್ ಅನ್ನುವುದು 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಜಾಸ್ತಿ ಜನಕ್ಕೆ ಗೊತ್ತಿರುವುದು ಕೆಮೆಟಿಕ್ ಆರ್ಥೊಡಾಕ್ಸಿ. ಇದನ್ನು 1988ರಲ್ಲಿ ಸ್ಥಾಪಿಸಿದವರು ಟಮಾರಾ ಸಿಯುಡಾ, ಈಜಿಪ್ಟಿನ ಇತಿಹಾಸವನ್ನು ಓದಿಕೊಂಡವರು. ಅವರೇ ಮುಂದೆ ಪಟ್ಟಕ್ಕೇರಿ ಆ ಸಮುದಾಯದ ನಿಸುತ್ ಆದರು. ನಿಸುತ್ ಅಂದರೆ ನಾನು ಮೇಲೆ ಹೇಳಿದ ಅದೇ ನೆಸು, ಜೊಂಡಿನ ಗಿಡ, ದೊರೆ.

ಅವರ ಬಗ್ಗೆ ನನಗೆ ಗೌರವ ಇದೆ. ಎಲ್ಲರೂ ಮನೆಯಲ್ಲಿ ತಾವೇ ಮಾಡಬಹುದಾದ ಸೆನುತ್ ಅನ್ನುವ ದಿನದ ಪೂಜೆ ಅವರ ಸಮುದಾಯದ್ದು. ಅದು ಎಷ್ಟೋ ಜನಕ್ಕೆ ಒಂದು ನೆಲೆ ಕೊಟ್ಟಿದೆ. ಆದರೆ ಆ ದಾರಿಯ ಮುಖ್ಯ ನಂಬಿಕೆಗಳಲ್ಲಿ ಒಂದು, ಅವರನ್ನು ನಿಸುತ್ ಅಂತ ಒಪ್ಪುವುದಾಗಿತ್ತು. ದೇವರನ್ನು, ಹಿರಿಯರನ್ನು, ಮಅತ್ ಅನ್ನುವ ಸತ್ಯ ಮತ್ತು ಸಮತೋಲವನ್ನು ನಾನು ಒಪ್ಪಿದೆ. ದೊರೆಯ ಹತ್ತಿರ ಬಂದು ನಿಂತುಬಿಟ್ಟೆ.

ದೊರೆ ಬೇಡ ಅಂತ ತಳ್ಳಿಬಿಡುವುದು ಸುಲಭವಾಗಿದ್ದರೆ ಕಷ್ಟವೇ ಇರಲಿಲ್ಲ. ಈಜಿಪ್ಟಿನ ಯಾವ ದೇವಸ್ಥಾನಕ್ಕಾದರೂ ಹೋಗಿ ಗೋಡೆ ನೋಡಿ. ದೇವರ ಎದುರು ನಿಂತು ಎಡೆ ಕೊಡುವವನು ದೊರೆ. ಸಾಂಬ್ರಾಣಿ ಹಾಕುವವನು ದೊರೆ. ಬಟ್ಟೆ ಉಡಿಸುವವನು ದೊರೆ. ಕೊನೆಗೆ ಪುಟ್ಟದೊಂದು ಕೂತ ಹೆಣ್ಣಿನ ಬೊಂಬೆಯನ್ನು, ತಲೆಯ ಮೇಲೆ ಗರಿ ಇರುವ ಮಅತ್‌ಳನ್ನು, ಅಂಗೈಯಲ್ಲಿಟ್ಟು ದೇವರಿಗೆ ತೋರಿಸುವವನೂ ಅವನೇ. ಆದರೆ ಒಬ್ಬ ದೊರೆ ಬೆಳಗಾದರೆ ನೂರು ದೇವಸ್ಥಾನದಲ್ಲಿ ಇರಲು ಆಗುತ್ತದಾ? ಇರುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದವರು ಪೂಜಾರಿಗಳು.

ಕರ್ನಾಕ್ ದೇವಸ್ಥಾನದ ಅಮುನ್ ದೇವರ ದಿನದ ಪೂಜೆಯ ಕ್ರಮ ಒಂದು ಪಪೈರಸ್ ಹಾಳೆಯಲ್ಲಿ ಉಳಿದಿದೆ. ಈಗ ಬರ್ಲಿನ್‌ನಲ್ಲಿದೆ. ಗುಡಿಯ ಬಾಗಿಲಿನ ಮಣ್ಣಿನ ಮುದ್ರೆ ಒಡೆಯಬೇಕು. ಚಿಲಕ ಸರಿಸಬೇಕು. ದೇವರ ಮುಖ ಕಂಡಾಗ ನೆಲಕ್ಕೆ ಮುತ್ತಿಡಬೇಕು. ಇಷ್ಟರ ನಡುವೆ ಪೂಜಾರಿ ಒಂದು ಮಾತು ಹೇಳುತ್ತಾನೆ: ದೇವರನ್ನು ನೋಡಲು ನನ್ನನ್ನು ಕಳಿಸಿದವನು ದೊರೆ. ಎಲ್ಲ ಮುಗಿದು ಹೊರಗೆ ಬರುವಾಗ ತನ್ನ ಹೆಜ್ಜೆಯ ಗುರುತನ್ನು ತಾನೇ ಗುಡಿಸಿ ಅಳಿಸುತ್ತಾನೆ. ತಾನು ಬಂದೇ ಇಲ್ಲ ಅನ್ನುವ ಹಾಗೆ.

ಆ ಪೂಜಾರಿಗಳೂ ಇಡೀ ವರ್ಷ ಗುಡಿಯಲ್ಲೇ ಇರುತ್ತಿರಲಿಲ್ಲ. ಸರದಿಯ ಲೆಕ್ಕ. ನಾಲ್ಕು ತಂಡ, ಒಂದೊಂದಕ್ಕೆ ಒಂದು ತಿಂಗಳು. ಕ್ರಿ.ಪೂ. 238ರಲ್ಲಿ ಐದನೇ ತಂಡ ಸೇರಿಸಿದರು. ಸರದಿ ಬಂದಾಗ ಮೈಯೆಲ್ಲ ಬೋಳಿಸಿ, ಹಗಲು ಎರಡು ಸಲ, ರಾತ್ರಿ ಎರಡು ಸಲ ಮೀಯುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಸರದಿ ಮುಗಿದರೆ ಮನೆಗೆ. ದೇವರ ಮುಂದೆ ಇಟ್ಟ ಎಡೆ ಅವರ ಮನೆಗೆ ಬರುತ್ತಿತ್ತು. ಅಮ್ಮನ ಮೊದಲ ಪ್ರಶ್ನೆಗೆ ಅವರದೂ ನನ್ನದೇ ಉತ್ತರ.

ದೊರೆತನ ಅನ್ನುವುದು ಮನುಷ್ಯನಿಗಿಂತ ದೊಡ್ಡದು ಅಂತ ಅವರು ನಂಬಿದ್ದರು. ಕಾ ಅಂತ ಒಂದು ಜೀವಶಕ್ತಿ, ದೊರೆಯಿಂದ ದೊರೆಗೆ ದಾಟುವಂಥದ್ದು. ಹುಟ್ಟಿದವನು ಸಾಯುತ್ತಾನೆ, ಅದು ಸಾಯುವುದಿಲ್ಲ. ಲಕ್ಸೋರ್ ದೇವಸ್ಥಾನ ಇದ್ದದ್ದೇ ಆ ಶಕ್ತಿಯನ್ನು ವರ್ಷಕ್ಕೊಮ್ಮೆ ಹೊಸದು ಮಾಡುವುದಕ್ಕೆ ಅಂತ ಈಗಿನ ವಿದ್ವಾಂಸರು ಹೇಳುತ್ತಾರೆ. ಒಪೆತ್ ಹಬ್ಬದಲ್ಲಿ ಅಮುನ್ ದೇವರು ದೋಣಿಯಲ್ಲಿ ಕೂತು ಕರ್ನಾಕ್‌ನಿಂದ ಅಲ್ಲಿಗೆ ಬರುತ್ತಿದ್ದ. ಈಗ ಅದೇ ದೇವಸ್ಥಾನದೊಳಗೆ ಅಬು ಅಲ್ ಹಗ್ಗಾಗ್ ಅನ್ನುವ ಸಂತರ ಮಸೀದಿ ಇದೆ. ಅವರ ಉತ್ಸವದಲ್ಲಿ ಇವತ್ತಿಗೂ ದೋಣಿಗಳ ಮೆರವಣಿಗೆ ಹೊರಡುತ್ತದೆ. ಊರು ತನ್ನ ಕೈಯಭ್ಯಾಸವನ್ನು ಬಿಡುವುದಿಲ್ಲ ನೋಡಿ.

ಆ ಕಾ ನಮ್ಮ ಕಾಲದಲ್ಲಿ ಮತ್ತೆ ಒಬ್ಬರಲ್ಲಿ ಬಂದು ನೆಲೆಸಿತು ಅನ್ನುವುದು ಕೆಮೆಟಿಕ್ ಆರ್ಥೊಡಾಕ್ಸಿಯವರ ನಂಬಿಕೆ. ನನಗೆ ಯಾಕೆ ಒಗ್ಗಲಿಲ್ಲ ಅಂತ ಬಹಳ ದಿನ ಯೋಚಿಸಿದೆ. ಕಾರಣ ಆ ವ್ಯಕ್ತಿ ಅಲ್ಲ. "ದೊರೆ ಕೊಡುವ" ಅನ್ನುವ ಮಾತಿಗೆ ಆ ಕಾಲದಲ್ಲಿ ಗಟ್ಟಿ ಅರ್ಥ ಇತ್ತು. ಹೊಲ ದೊರೆಯದು, ಕಣಜ ದೊರೆಯದು, ದೇವಸ್ಥಾನಕ್ಕೆ ಬಿಟ್ಟ ಭೂಮಿ ದೊರೆ ಬಿಟ್ಟದ್ದು. ರೊಟ್ಟಿ ನಿಜವಾಗಿಯೂ ಅಲ್ಲಿಂದ ಬರುತ್ತಿತ್ತು. ನೆರೆ ಬಂದಾಗ ಕಾಲುವೆ, ಬರ ಬಂದಾಗ ಕಾಳು, ಎರಡೂ ಅವನ ಹೊಣೆ. ಆ ನೆಲ, ಆ ನೆರೆ, ಆ ಕಣಜ ಬಿಟ್ಟು ದೊರೆಯೊಬ್ಬ ಹೇಗೆ ಇರುತ್ತಾನೆ ಅನ್ನುವುದು ನನ್ನ ಮನಸ್ಸಿಗೆ ಬರುವುದಿಲ್ಲ. ಅಸ್ವಾನ್‌ನ ದೊಡ್ಡ ಅಣೆಕಟ್ಟು 1970ರಲ್ಲಿ ಮುಗಿಯಿತು. ಈಗ ಈಜಿಪ್ಟಿನಲ್ಲೇ ಆ ನೆರೆ ಬರುವುದಿಲ್ಲ.

ಹಾಗಾದರೆ ದೊರೆಯೇ ಬೇಕಿಲ್ಲ ಅನ್ನುವವರ ಜೊತೆ ಸೇರಬೇಕಾ? ಅವರ ಮಾತಿನಲ್ಲೂ ನಿಜ ಇದೆ. ನೈಲ್ ನದಿಯ ಪಡುವಣ ದಡದಲ್ಲಿ ದೇರ್ ಎಲ್ ಮದೀನಾ ಅಂತ ಒಂದು ಊರು. ದೊರೆಗಳ ಸಮಾಧಿ ಕೊರೆಯುವವರ ಊರು ಅದು. ಸಾಲು ಮನೆಗಳ ಗೋಡೆಯ ಗೂಡುಗಳು ಈಗಲೂ ಕಾಣುತ್ತವೆ. ಅಲ್ಲಿ ಮನೆಯ ಹಿರಿಯರ ಚಿಕ್ಕ ಮೂರ್ತಿ ಇಟ್ಟು ಎಡೆ ಹಾಕುತ್ತಿದ್ದರು. ಊರಿನ ಚಿಕ್ಕ ಗುಡಿಗಳಲ್ಲಿ ಕಲ್ಲುಕುಟಿಗರೇ ಪೂಜಾರಿಗಳು. ನೆಫೆರಾಬು ಅಂತ ಒಬ್ಬ ಕೆಲಸಗಾರ ಊರಿನ ಮೇಲಿದ್ದ ಬೆಟ್ಟದ ದೇವಿ ಮೆರೆತ್‌ಸೆಗೆರ್‌ಗೆ ತಪ್ಪು ಮಾಡಿದ. ಅವಳ ಹೆಸರಿನ ಅರ್ಥ ಮೌನ ಇಷ್ಟಪಡುವವಳು. ಅವಳು ಶಿಕ್ಷೆ ಕೊಟ್ಟಳು. ಹೆರಿಗೆಗೆ ಕೂತ ಹೆಂಗಸಿನ ಹಾಗೆ ಇಟ್ಟಿಗೆಯ ಮೇಲೆ ಕೂತಿದ್ದೆ, ಗಾಳಿಯನ್ನು ಕರೆದೆ, ಗಾಳಿ ಬರಲಿಲ್ಲ ಅಂತ ಅವನೇ ಕಲ್ಲಿನ ಮೇಲೆ ಬರೆಸಿದ್ದಾನೆ. ಆಮೇಲೆ ಬೇಡಿಕೊಂಡ, ಅವಳು ಇವನ ಕಡೆ ತಿರುಗಿದಳು. ಆ ಕಲ್ಲು ಈಗ ಟ್ಯೂರಿನ್‌ನಲ್ಲಿದೆ. ಅವನ ಉಸಿರಿಗೂ ಆ ಬೆಟ್ಟಕ್ಕೂ ನಡುವೆ ದೊರೆ ಬರಲೇ ಇಲ್ಲ.

ದೊರೆಯೇ ದೇವರುಗಳ ಬಾಗಿಲು ಹಾಕಿಸಿದ ಕಾಲವೂ ಒಂದಿತ್ತು. ಅಖೆನಾತೆನ್ ಅಮುನ್‌ನ ಹೆಸರನ್ನು ಕಲ್ಲಿನಿಂದ ಕೆತ್ತಿ ತೆಗೆಸಿದ. ಸೂರ್ಯಬಿಂಬ ಅತೆನ್ ಒಂದೇ ಸಾಕು, ಅದಕ್ಕೂ ನಿಮಗೂ ನಡುವೆ ನಾನು ಅಂದ. ಅವನು ಕಟ್ಟಿಸಿದ ಅಮರ್ನಾ ಊರಿನ ಮನೆಗಳನ್ನು ಅಗೆದಾಗ ಸಿಕ್ಕಿದ್ದು ಬೆಸ್ ಮತ್ತು ತವೆರೆತ್ ತಾಯಿತಗಳು. ಬೆಸ್ ನಾಲಿಗೆ ಚಾಚಿದ ಕುಳ್ಳ ದೇವರು, ತವೆರೆತ್ ನೀರಾನೆಯ ರೂಪದ ಬಸುರಿ ದೇವಿ. ಹೆರಿಗೆಯನ್ನೂ ಮಕ್ಕಳನ್ನೂ ಕಾಯುವವರು. ಮನೆಯ ಹೆಂಗಸರು ಅವರನ್ನು ಬಿಟ್ಟುಕೊಡಲಿಲ್ಲ ಅಂತ ನಾನು ಅಂದುಕೊಂಡಿದ್ದೇನೆ.

ನೀನು ಆ ದೇಶದವಳೂ ಅಲ್ಲವಲ್ಲ ಅಂತ ಕೇಳುವವರಿಗೆ ನಾನು ಇಟಲಿಯ ಪೊಂಪೈ ಊರಿನಲ್ಲಿದ್ದ, ಈಜಿಪ್ಟಿನ ದೇವಿ ಐಸಿಸ್‌ಳ ಗುಡಿಯ ಕಥೆ ಹೇಳುತ್ತೇನೆ. ಕ್ರಿ.ಶ. 62ರ ಭೂಕಂಪದಲ್ಲಿ ಆ ಗುಡಿ ಬಿತ್ತು. ಮತ್ತೆ ಕಟ್ಟಿಸಿದವರ ಹೆಸರನ್ನು ಬಾಗಿಲ ಮೇಲೆ ಕೆತ್ತಿದ್ದಾರೆ. ಆರು ವರ್ಷದ ಒಬ್ಬ ಹುಡುಗನ ಹೆಸರು ಅದು, ದುಡ್ಡು ಅವನ ಮನೆಯವರದು. ಫರೋ, ಅಂದರೆ ಈಜಿಪ್ಟಿನ ದೊರೆ, ಇಲ್ಲದ ಊರಿನಲ್ಲಿ ಐಸಿಸ್ ಇದ್ದಳು.

ಇಷ್ಟೆಲ್ಲ ಗೊತ್ತಿದ್ದರೂ ಬೆಳಿಗ್ಗೆ ನೀರಿನ ಲೋಟ ಹಿಡಿದು ನಿಂತಾಗ ನನ್ನ ಬಾಯಿಗೆ ಬರುತ್ತಿದ್ದದ್ದು ಅದೇ ಸಾಲು. ದೊರೆ ಕೊಡುವ ಎಡೆ. ಯಾವ ದೊರೆ? ಆ ಪದ ಕಿತ್ತುಹಾಕಿ ನೋಡಿದೆ. "ನಾನು ಕೊಡುವ ಎಡೆ" ಅಂತ ಹೇಳಿ ನೋಡಿದೆ. ನಾಲಿಗೆಗೆ ಸರಿಬರಲಿಲ್ಲ. ಒಂದೇ ಸಲಕ್ಕೆ ಎಡೆ ಪುಟ್ಟದಾಯಿತು, ನಾನು ದೊಡ್ಡವಳಾದೆ. ನನ್ನ ಜೊತೆ ಓದುವ ಕೆಲವರು ತಮಗೆ ತಾವೇ ದೊರೆ ಅಂದುಕೊಳ್ಳುತ್ತಾರೆ. ಅದು ಅವರಿಗೆ ಆಗಿಬರುತ್ತದೇನೋ. ನನಗೆ ಆಗುವುದಿಲ್ಲ.

ದೆಂಡೆರಾಕ್ಕೆ ಹೋದದ್ದು ಈ ಗೊಂದಲ ತಲೆಯಲ್ಲಿದ್ದಾಗಲೇ. ಲಕ್ಸೋರ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಹಾಥೋರ್ ದೇವಿಯ ಗುಡಿ. ಮಸಿ ತೊಳೆದ ಮೇಲೆ ಚಾವಣಿಯ ನೀಲಿ ಎದ್ದು ಕಾಣುತ್ತದೆ. ಎಲ್ಲರೂ ಕತ್ತೆತ್ತಿ ಅದನ್ನೇ ನೋಡುತ್ತಿದ್ದರು. ನಾನು ಗೋಡೆ ಓದುತ್ತಾ ಒಳಗೆ ಹೋದೆ. ಈಜಿಪ್ಟಿನಲ್ಲಿ ದೊರೆಯ ಹೆಸರಿನ ಸುತ್ತ ಹಗ್ಗದ ಉಂಗುರದ ಹಾಗೆ ಒಂದು ಗೆರೆ ಕೆತ್ತುತ್ತಾರೆ. ಅದರೊಳಗೆ ಹೆಸರು. ದೆಂಡೆರಾದ ಒಳಕೋಣೆಗಳಲ್ಲಿ ದೊರೆ ಇದ್ದಾನೆ, ಕಿರೀಟ ಇದೆ, ಕೈಯಲ್ಲಿ ಎಡೆ ಇದೆ, ತಲೆಯ ಮೇಲೆ ಉಂಗುರ ಇದೆ. ಉಂಗುರದೊಳಗೆ ಏನೂ ಇಲ್ಲ. ನುಣುಪಾದ ಖಾಲಿ ಕಲ್ಲು. ಒಂದಲ್ಲ, ಎರಡಲ್ಲ, ಕೋಣೆಯಿಂದ ಕೋಣೆಗೆ.

ಆ ಗುಡಿ ಕಟ್ಟಲು ಶುರು ಮಾಡಿದ್ದು ಕ್ರಿ.ಪೂ. 54ರಲ್ಲಿ, ಹನ್ನೆರಡನೇ ಟಾಲೆಮಿ ದೊರೆಯಾಗಿದ್ದಾಗ. ಮೂರು ವರ್ಷಕ್ಕೆ ಅವನು ಸತ್ತ. ಆಮೇಲೆ ಅಣ್ಣ ತಮ್ಮ ಅಕ್ಕ ತಂಗಿಯರ ಜಗಳ, ರೋಮ್‌ನ ಸೈನ್ಯ, ಕ್ಲಿಯೋಪಾತ್ರಾ, ಕ್ರಿ.ಪೂ. 30ರಲ್ಲಿ ಅವಳ ಸಾವು. ಯಾರ ಹೆಸರು ಕೆತ್ತಬೇಕು? ಯಾರು ಉಳಿಯುತ್ತಾರೆ? ಪೂಜಾರಿಗಳು ಕೆಲಸ ನಿಲ್ಲಿಸಲಿಲ್ಲ, ಸುಳ್ಳು ಹೆಸರೂ ಕೆತ್ತಲಿಲ್ಲ. ಉಂಗುರ ಕೆತ್ತಿ ಜಾಗ ಬಿಟ್ಟರು. ದಿನವೂ ಆ ಖಾಲಿ ಉಂಗುರಗಳ ಕೆಳಗೇ ಬಾಗಿಲು ತೆಗೆದರು, ಎಡೆ ಇಟ್ಟರು.

ಮುಂದೆ ಹೆಸರು ತುಂಬಿದಾಗಲೂ ಏನು ತುಂಬಿದರು ಹೇಳಿ? ರೋಮ್‌ನ ಚಕ್ರವರ್ತಿಗಳ ಹೆಸರು. ಗೋಡೆಗಳ ಮೇಲೆ ಆಗಸ್ಟಸ್ ಫರೋನ ವೇಷದಲ್ಲಿ ದೇವರಿಗೆ ಎಡೆ ಕೊಡುತ್ತಾನೆ. ಅದೇ ಆಗಸ್ಟಸ್ ಈಜಿಪ್ಟಿಗೆ ಬಂದಾಗ ಪವಿತ್ರವಾದ ಏಪಿಸ್ ಹೋರಿಯನ್ನು ನೋಡಿ ಅಂತ ಕರೆದರೆ ಒಪ್ಪಲಿಲ್ಲ. ನನಗೆ ದೇವರನ್ನು ಪೂಜಿಸಿ ಅಭ್ಯಾಸ, ದನಗಳನ್ನಲ್ಲ ಅಂದನಂತೆ. ಅಂಥವನ ಹೆಸರಿನಲ್ಲಿ ನಡೆದ ಪೂಜೆಯೂ ಪೂಜೆಯೇ ಆಯಿತು. ಯಾಕೆಂದರೆ ಬಾಗಿಲು ತೆಗೆದ ಕೈ ಬೇರೆಯವರದು.

ಆ ಖಾಲಿ ಕಲ್ಲಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕಾವಲಿನವನು ಬಂದು ಟಾರ್ಚ್ ಬಿಟ್ಟು, ಆ ಕಡೆ ಕ್ಲಿಯೋಪಾತ್ರಾ ಚಿತ್ರ ಇದೆ ಅಂತ ಕೈ ತೋರಿಸಿದ. ನಾನು ಉಂಗುರ ತೋರಿಸಿದೆ. ಅವನು ಅದರ ಮೇಲೆ ಬೆಳಕು ಬಿಟ್ಟು ತಲೆ ಆಡಿಸಿದ, ನನ್ನ ಪಕ್ಕದಲ್ಲೇ ನಿಂತ.

ಅಲ್ಲಿಂದ ಬಂದ ಮೇಲೆ ನಾನು ಎರಡು ತೀರ್ಮಾನ ಮಾಡಿದೆ. ಹೋತೆಪ್ ದಿ ನೆಸು ಅಂತಲೇ ಹೇಳುತ್ತೇನೆ. ಜೊಂಡಿನ ಗಿಡದ ಜಾಗ ಹಾಗೇ ಇರುತ್ತದೆ, ಅದರಲ್ಲಿ ಯಾರ ಹೆಸರನ್ನೂ ತುಂಬುವುದಿಲ್ಲ. ನನ್ನ ಹೆಸರನ್ನಂತೂ ಇಲ್ಲ. ಆದರೆ "ನನ್ನನ್ನು ಕಳಿಸಿದವನು ದೊರೆ" ಅನ್ನುವ ಪೂಜಾರಿಯ ಮಾತನ್ನು ಬಿಟ್ಟೆ. ಮೊದಲನೆಯದು ಎಡೆಗೆ ಇಟ್ಟ ಹೆಸರು, ಹಿರಿಯರು ಇಟ್ಟದ್ದು. ಎರಡನೆಯದು ನನ್ನ ಬಗ್ಗೆ ನಾನೇ ಹೇಳುವ ಮಾತು. ನನ್ನನ್ನು ಯಾರೂ ಕಳಿಸಿಲ್ಲ. ಸತ್ತ ಮೇಲೆ ಹೃದಯವನ್ನು ಗರಿಯ ಜೊತೆ ತೂಗುವಾಗ ಹೇಳಬೇಕಾದ 42 ಮಾತುಗಳಲ್ಲಿ ಸುಳ್ಳು ಹೇಳಿಲ್ಲ ಅನ್ನುವುದೂ ಒಂದು. ತೂಕ ಬರೆದುಕೊಳ್ಳುವವನು ಥೋತ್. ಅವನ ಎದುರಿಗೇ ದಿನಾ ಬೆಳಿಗ್ಗೆ ಸುಳ್ಳು ಹೇಳಿ ಹೇಗೆ ನಿಲ್ಲಲಿ?

ಎಲ್ಲ ಇತ್ಯರ್ಥವಾಗಿದೆ ಅಂತಲ್ಲ. ಲಕ್ಸೋರ್‌ನ ಅಂಗಡಿಯಲ್ಲಿ ಇನ್ನೊಂದು ಥೋತ್ ಮೂರ್ತಿ ಕೊಂಡಿದ್ದೆ. ಚಿಕಾಗೋಗೆ ಬಂದು ಸೂಟ್‌ಕೇಸ್ ತೆರೆದರೆ ಕೊಕ್ಕು ಮುರಿದಿತ್ತು. ಭಿನ್ನವಾದ ಮೂರ್ತಿಗೆ ಪೂಜೆ ಮಾಡಬಾರದು ಅಂತ ಅಮ್ಮ ಅಂದಳು. ಹಳೇ ಕಾಲದಲ್ಲಾದರೆ ಮೂರ್ತಿಯ ಬಾಯಿಗೆ ಬಾಚಿ ಮುಟ್ಟಿಸಿ ಜೀವ ತುಂಬುವ ದೊಡ್ಡ ಶಾಸ್ತ್ರ ಇತ್ತು. ಬಾಯಿ ತೆರೆಸುವ ಶಾಸ್ತ್ರ ಅಂತಲೇ ಅದರ ಹೆಸರು. ಇದಕ್ಕೆ ಜೀವ ಇದೆ, ಇದಕ್ಕೆ ಇಲ್ಲ ಅಂತ ಹೇಳುವ ಅಧಿಕಾರ ಯಾರದು? ನನ್ನದಂತೂ ಅಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಅದೇ ಕಪಾಟಿನ ಕೆಳಗಿನ ಹಲಗೆಯಲ್ಲಿ ಇಟ್ಟಿದ್ದೇನೆ. ಕೊಕ್ಕಿನ ಚೂರೂ ಅದರ ಜೊತೆಗೇ ಇದೆ. ಅಂಟಿಸಿಲ್ಲ, ಎಸೆದೂ ಇಲ್ಲ.

ಅದೇ ಪ್ರಯಾಣದ ಕೊನೆಗೆ ಫಿಲೆಗೆ ಹೋಗಿದ್ದೆ. ಅಸ್ವಾನ್‌ನಿಂದ ದೋಣಿಯಲ್ಲಿ ಹೋಗಬೇಕು. ನೀರಿನಲ್ಲಿ ಮುಳುಗಿದ್ದ ಐಸಿಸ್ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪಕ್ಕದ ದ್ವೀಪದಲ್ಲಿ ಮತ್ತೆ ಕಟ್ಟಿದ್ದಾರೆ. ಅಲ್ಲಿನ ಹೇಡ್ರಿಯನ್ ಬಾಗಿಲಿನ ಗೋಡೆಯ ಮೇಲೆ ಮಂದುಲಿಸ್ ದೇವರ ಚಿತ್ರ, ಅದರ ಪಕ್ಕ ಕೆಲವು ಸಾಲು ಅಕ್ಷರ. ನಮಗೆ ಗೊತ್ತಿರುವ ಚಿತ್ರಲಿಪಿಯ ಬರಹಗಳಲ್ಲಿ ಕೊನೆಯದು ಅದು. ಕ್ರಿ.ಶ. 394, ಆಗಸ್ಟ್ 24. ಚಕ್ರವರ್ತಿ ಥಿಯೋಡೋಸಿಯಸ್ ಹಳೇ ದೇವರುಗಳ ಪೂಜೆ ನಿಲ್ಲಿಸಿ ಅಂತ ಆಗಲೇ ಆಜ್ಞೆ ಹೊರಡಿಸಿದ್ದ. ಗೋಡೆಯ ಮೇಲೆ ಅವನ ಹೆಸರಿಲ್ಲ. ತಾರೀಖು ಹಾಕಿದ್ದು ಬೇರೆ ಲೆಕ್ಕದಲ್ಲಿ: ಒಸಿರಿಸ್ ದೇವರು ಹುಟ್ಟಿದ ದಿನ, ವರ್ಷ 110. ರೋಮ್‌ನ ಚಕ್ರವರ್ತಿ ಡಯೋಕ್ಲೀಷಿಯನ್ ಪಟ್ಟಕ್ಕೆ ಬಂದಾಗಿನಿಂದ ಎಣಿಸಿದ ವರ್ಷ ಅದು. ಆ ಚಕ್ರವರ್ತಿ ಸತ್ತು ಆಗಲೇ 80 ವರ್ಷ ದಾಟಿತ್ತು. ಇಲ್ಲದ ದೊರೆಯ ವರ್ಷವನ್ನು ಎಣಿಸುತ್ತಲೇ ಇದ್ದರು. ಕಾಪ್ಟಿಕ್ ಕ್ರೈಸ್ತರ ಚರ್ಚಿನಲ್ಲಿ ಇವತ್ತಿಗೂ ಅದೇ ಲೆಕ್ಕ ನಡೆಯುತ್ತದೆ.

ಬರೆದವನ ಹೆಸರು ಎಸ್ಮೆತ್ ಅಖೋಮ್. ಗುಡಿಯ ಬರವಣಿಗೆ ಮನೆಯಲ್ಲಿ ಬರೆಯುವವನು. ಚಿತ್ರಲಿಪಿಯ ಜೊತೆಗೆ ದಿನಬಳಕೆಯ ಡೆಮೋಟಿಕ್ ಅಕ್ಷರದಲ್ಲೂ ಬರೆದಿದ್ದಾನೆ. ತನ್ನ ಹೆಸರು, ಐಸಿಸ್‌ನ ಎರಡನೇ ಪೂಜಾರಿಯಾಗಿದ್ದ ಅಪ್ಪನ ಹೆಸರು, ಅಮ್ಮನ ಹೆಸರು. ಈ ಮಂದುಲಿಸ್ ಚಿತ್ರದ ಕೆಲಸ ನಾನು ಮಾಡಿದೆ ಅಂತ ಹೇಳಿ, ಯಾಕೆ ಅನ್ನುವುದನ್ನೂ ಹೇಳಿದ್ದಾನೆ. ದೇವರ ಮುಖ ನನ್ನ ಕಡೆ ಒಳ್ಳೆಯದಾಗಿದೆ, ಅದಕ್ಕೆ.

ರಾತ್ರಿ ಅಸ್ವಾನ್‌ನಿಂದ ಅಮ್ಮನಿಗೆ ಫೋನ್ ಮಾಡಿದೆ. ನೀನು ಅವತ್ತು ಕೇಳಿದ್ದೆಯಲ್ಲ, ಯಾರು ಹೇಳಿದ್ದು ಅಂತ, ಅಂದೆ. ಈ ಗೋಡೆಯ ಕಥೆ ಪೂರ್ತಿ ಹೇಳಿದೆ. ಅವಳು ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಮ್ಮನ ಹೆಸರೂ ಬರೆದಿದ್ದಾನಾ?"

"ಬರೆದಿದ್ದಾನೆ ಕಣಮ್ಮ. ಎಸೆವೆರೆತ್ ಅಂತ."

"ಇನ್ನೊಂದು ಸಲ ಹೇಳು" ಅಂದಳು. ಹೇಳಿದೆ. ತಾನೂ ಮೆಲ್ಲಗೆ ಹೇಳಿ ನೋಡಿದಳು.